ತುಂಬೆಯ ಗಿಡ ಮತ್ತು ಜೇನುಹುಳುಗಳು

ಬೆಂಗಳೂರಿನ ಪಶ್ಚಿಮಕ್ಕಿರುವ ಹೆಗ್ಗನಹಳ್ಳಿಯು ಹಿಂದೆ ಬೆಂಗಳೂರು ಉತ್ತರ ತಾಲ್ಲೂಕಿನ ಗ್ರಾಮವಾಗಿದ್ದು, ಈಗ ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ ನಗರದೊಳಗೆ ಸೇರಿಹೋಗಿದೆ. ಈ ಸೀಮೆಯ ಕೆಮ್ಮಣ್ಣಿನ ಹೊಲಗಳಲ್ಲಿಯೂ ಬದುಗಳಲ್ಲಿಯೂ ಮಳೆಯ ಹಿಂದೆಯೇ ತಾನಾಗಿ ಹುಟ್ಟುವ ಗಿಡಗಳಲ್ಲಿ ತುಂಬೆಯು ಮುಖ್ಯವಾದುದು. ಕಳೆಯೆಂದು ಕಿತ್ತೆಸೆಯಲ್ಪಡುವ ಈ ಗಿಡದಿಂದ ರೈತರಿಗೆ ಆಗುವ ಉಪಕಾರವು ಅಲ್ಪವಲ್ಲ.

ಬೆಳೆಗೂ ಹುಳುಗಳಿಗೂ ಇರುವ ಸಂಬಂಧ

ರಾಗಿಗೆ ಹುಳುಗಳ ನೆರವು ಬೇಡ. ಅದರ ತೆನೆಯು ತನ್ನ ಪರಾಗದಿಂದಲೇ ಕಾಳು ಕಟ್ಟುವುದು. ರಾಗಿಯೊಡನೆ ಅಕ್ಕಡಿ ಸಾಲಿನಲ್ಲಿ ಬಿತ್ತುವ ಹುಚ್ಚೆಳ್ಳಿನ ಸಂಗತಿ ಬೇರೆ. ಅದರ ಹೂವಿಗೆ ಸ್ವಂತ ಗಿಡದ ಪರಾಗವು ಸಾಮಾನ್ಯವಾಗಿ ಫಲಿಸದು. ಬೇರೊಂದು ಗಿಡದ ಪರಾಗವನ್ನು ಜೇನುಹುಳುಗಳು ತಂದುಕೊಡಬೇಕು. ಅವು ಬಾರದಿದ್ದರೆ ಹೂವು ಹೇರಳವಾಗಿದ್ದರೂ ಕಾಳು ಜೊಳ್ಳಾಗುವುದು. ಕುಂಬಳ, ಸೌತೆಗಳಲ್ಲಿಯೂ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆಯಾಗಿರುವುದರಿಂದ ಹುಳುಗಳಿಲ್ಲದೆ ಕಾಯಿ ನಿಲ್ಲದು.

ಬೆಳೆಯ ಹೂವು ಕೆಲವು ವಾರಗಳು ಮಾತ್ರ ಇರುವುದು. ಜೇನಿನ ಕುಟುಂಬಕ್ಕೆ ವರ್ಷವೆಲ್ಲ ಆಹಾರ ಬೇಕು. ಈ ಕೊರತೆಯನ್ನು ತುಂಬುವುದು ತುಂಬೆಯಂತಹ ಕಾಡುಹೂಗಳು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗದಿಂದ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದುವು. ಉಳಿದು ಬೆಳೆದಿರುವ ಸಂತತಿಯನ್ನು ಆಹಾರವಿಲ್ಲದೆ ಕೆಡಿಸಿಕೊಳ್ಳುವುದು ವಿವೇಕವಲ್ಲ.

ಹೂವಿನ ರಚನೆ

ತುಂಬೆಯ ಬಿಳಿಯ ಹೂಗಳು ಕಾಂಡದ ಗೆಣ್ಣುಗಳಲ್ಲಿ ಸುತ್ತಲೂ ಗುಂಪಾಗಿ ಅರಳುವುವು. ಹೂವಿಗೆ ಎರಡು ತುಟಿಗಳುಂಟು. ಅಗಲವಾದ ಕೆಳದುಟಿಯು ಹುಳುವು ಬಂದು ಕೂಡುವ ಜಗಲಿ; ರೋಮದಿಂದ ಕೂಡಿದ ಚಿಕ್ಕ ಮೇಲ್ದುಟಿಯೊಳಗೆ ಕೇಸರಗಳಿರುವುವು. ಬುಡದಲ್ಲಿರುವ ಮಕರಂದಕ್ಕಾಗಿ ಹುಳುವು ತಲೆಯನ್ನು ಒಳಕ್ಕೆ ನೂಕಿದಾಗ ಪರಾಗವು ಅದರ ಮೈಗೆ ಅಂಟಿ ಮುಂದಿನ ಹೂವಿಗೆ ಸೇರುವುದು. ತುಡುವೆ, ಕೋಲುಜೇನುಗಳೂ ಚಿಟ್ಟೆಗಳೂ ಇದನ್ನು ಬಯಸಿ ಬರುವುವು.

ಪೂರ್ವದ ಉಪಯೋಗಗಳು

ತುಂಬೆಯ ಹೂವು ಶಿವಪೂಜೆಗೆ ಅತಿ ಪ್ರಿಯವಾದುದೆಂದು ಪ್ರತೀತಿ. ಹೂವು ದೊನ್ನೆಯ ಆಕಾರದಲ್ಲಿರುವುದರಿಂದ ಸಂಸ್ಕೃತದಲ್ಲಿ ಇದನ್ನು ದ್ರೋಣಪುಷ್ಪಿ ಎನ್ನುವರು. ಎಳೆಯ ಕುಡಿಗಳನ್ನು ಬೆರಕೆ ಸೊಪ್ಪಿನಲ್ಲಿ ಸೇರಿಸುವುದುಂಟು. ನೆಗಡಿಗೆ ಎಲೆಯ ರಸವನ್ನು ಬಳಸುವುದೂ, ಒಣಗಿದ ಗಿಡದ ಹೊಗೆಯಿಂದ ಸೊಳ್ಳೆಗಳನ್ನು ಓಡಿಸುವುದೂ ಹಳ್ಳಿಗಳ ರೂಢಿ. ಹಾವು ಕಚ್ಚಿದಾಗ ಇದರ ರಸವನ್ನು ನಂಬಿ ಕಾಲ ಕಳೆಯುವುದು ಪ್ರಾಣಾಪಾಯಕರ. ಒಡನೆಯೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಬೆಳೆಸುವ ಕ್ರಮ

ಒಣಗಿದ ಹೂಗೊಂಚಲುಗಳನ್ನು ಬಟ್ಟೆಯ ಮೇಲೆ ಕೊಡವಿದರೆ ಸಣ್ಣ ಬೀಜಗಳು ದೊರೆಯುವುವು. ಇವನ್ನು ಮರಳಿನೊಡನೆ ಬೆರೆಸಿ, ಮುಂಗಾರಿನಲ್ಲಿ ನೆಲ ಹದವಾದಾಗ ಬದುಗಳ ಮೇಲೂ ಬೇಲಿಯ ಅಂಚಿನಲ್ಲೂ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಬೇಕು. ಬಿಸಿಲು ಬೀಳುವ ಸ್ಥಳವಿರಬೇಕು, ನೀರು ನಿಲ್ಲಬಾರದು. ಗೊಬ್ಬರದ ಅಗತ್ಯವಿಲ್ಲ. ಗಿಡವು ಒಂದು ವರ್ಷದ್ದಾದರೂ ಬೀಜ ಉದುರಿ ಮರುವರ್ಷ ತಾನೇ ಮೊಳೆಯುವುದು. ಬೆಳೆಯ ಸಾಲಿನೊಳಗೆ ಹುಟ್ಟಿದುದನ್ನು ಮಾತ್ರ ಬೀಜ ಕಟ್ಟುವುದಕ್ಕೆ ಮುಂಚೆ ಕಿತ್ತುಹಾಕಬೇಕು.

ಬದುಗಳಿಗೆ ಕಳೆನಾಶಕವನ್ನು ಹೊಡೆಯಬಾರದು. ಬೆಳೆಗೆ ಕೀಟನಾಶಕ ಅನಿವಾರ್ಯವಾದರೆ, ಹೂಬಿಡುವ ಕಾಲವನ್ನು ಬಿಟ್ಟು, ಹುಳುಗಳು ಗೂಡು ಸೇರಿದ ಸಂಜೆಯ ವೇಳೆಯಲ್ಲಿ ಸಿಂಪಡಿಸುವುದು ಮೇಲು.

ಹೆಗ್ಗನಹಳ್ಳಿಯಂತಹ ಊರುಗಳಲ್ಲಿ ಬದುಗಳು ಹೋದ ಮೇಲೆ ತುಂಬೆಗೆ ಉಳಿದಿರುವುದು ಖಾಲಿ ನಿವೇಶನ ಮತ್ತು ರಸ್ತೆಯ ಅಂಚು ಮಾತ್ರ. ಹೊಲಗಳು ಇನ್ನೂ ಹೊಲಗಳಾಗಿರುವ ಗ್ರಾಮಗಳ ಮುಖಂಡರೂ ಹಿಡುವಳಿದಾರರೂ ಈಗಲೇ ತಮ್ಮ ಬದುಗಳಲ್ಲಿ ಒಂದು ಮೊಳದ ಅಗಲವನ್ನಾದರೂ ಈ ಗಿಡಕ್ಕೆ ಬಿಟ್ಟು, ನೆರೆಯವರಿಗೂ ತಿಳಿಹೇಳತಕ್ಕದ್ದು. ಇದಕ್ಕೆ ತಗಲುವ ವೆಚ್ಚವಿಲ್ಲ. ಇದರ ಫಲವು ಹುಚ್ಚೆಳ್ಳಿನ ಕಣದಲ್ಲಿ ಕಾಣುವುದು.