ಕಾಣೆಯಾದ ಮಕ್ಕಳನ್ನು ಹುಡುಕದ ಊರು
ಥ್ರಿಲ್ಲರ್ ಅಂದ್ರೆ ಟೈಂಪಾಸ್ ಅನ್ನೋರಿಗೆ ನಾನೀಗ ಕೊಡೋ ಪುಸ್ತಕ, ಎಸ್.ಎ. ಕಾಸ್ಬಿಯ ‘ಆಲ್ ದಿ ಸಿನ್ನರ್ಸ್ ಬ್ಲೀಡ್’ (2023). ಟೈಟಸ್ ಕ್ರೌನ್ ಅಮೆರಿಕದ ವರ್ಜೀನಿಯಾದ ಕಲ್ಪಿತ ಕೌಂಟಿಯೊಂದರ ಮೊದಲ ಕಪ್ಪು ಶೆರಿಫ್. ಅಲ್ಲಿ ಶೆರಿಫ್ ಅಂದ್ರೆ ಜನರೇ ಓಟು ಹಾಕಿ ಆರಿಸೋ ಪೊಲೀಸ್ ಮುಖ್ಯಸ್ಥ.

ಊರೇ ಮೆಚ್ಚಿದ ಬಿಳಿಯ ಮೇಷ್ಟ್ರನ್ನು ಹಳೇ ವಿದ್ಯಾರ್ಥಿಯೊಬ್ಬ ಶಾಲೆಯಲ್ಲೇ ಗುಂಡಿಕ್ಕಿ ಕೊಲ್ತಾನೆ. ಆ ಕಪ್ಪು ಹುಡುಗನನ್ನು ಪೊಲೀಸರು ಕೊಲ್ತಾರೆ. ತನಿಖೆ ಮುಂದುವರಿದಂತೆ ಮಣ್ಣಿನಡಿ ಕಪ್ಪು ಮಕ್ಕಳ ಶವಗಳು ಸಿಗುತ್ತವೆ. ಇಷ್ಟು ಮಕ್ಕಳು ಕಾಣೆಯಾದರೂ ಯಾರೂ ಯಾಕೆ ಹುಡುಕಲಿಲ್ಲ? ಕೊಲೆಗಾರನ ಹೆಸರಿಗಿಂತ ನನ್ನನ್ನು ಕಾಡಿದ್ದು ಇದು. (ಸೀರಿಯಲ್ ಕಿಲ್ಲರ್ ಭಾಗ ಸ್ವಲ್ಪ ಸವಕಲು, ಬಿಡಿ.)

ಇದರ ನಡುವೆ, ಗುಲಾಮಗಿರಿ ಉಳಿಸಲು ಕಾದಿದ ಕಾನ್ಫೆಡರೇಟ್ ಪಡೆಯ ಪ್ರತಿಮೆ ಇರಲೇಬೇಕು ಅನ್ನೋರು ಮೆರವಣಿಗೆಗೆ ಸಜ್ಜಾಗ್ತಾರೆ. ಅವರ ಬಂದೋಬಸ್ತಿನ ಹೊಣೆಯೂ ಟೈಟಸ್‌ನದೇ.