ಸಾವನದುರ್ಗದ ತಪ್ಪಲಿನ ಊರು

ಮಾಗಡಿಯ ಕಡೆಗೆ ಪ್ರಯಾಣ ಮಾಡಿದ ನಮ್ಮ ವಾಚಕರಲ್ಲಿ ಅನೇಕರು ಸಾವನದುರ್ಗದ ಹೆಬ್ಬಂಡೆಯನ್ನು ದೂರದಿಂದಲಾದರೂ ಕಂಡಿರಬಹುದು. ಹತ್ತಿ ಇಳಿದವರೂ ಕೆಲವರಿರಬಹುದು. ಆದರೆ ಆ ಬೆಟ್ಟದ ಬುಡದಲ್ಲಿರುವ ಚಿಕ್ಕ ಊರಿನಲ್ಲಿ ಒಂದು ಗಳಿಗೆ ನಿಂತು, ಇದು ಒಂದು ಕಾಲದಲ್ಲಿ ಅರಸುಮನೆತನವೊಂದರ ಕಟ್ಟಕಡೆಯ ಆಶ್ರಯವಾಗಿದ್ದಿತೆಂದು ನೆನೆದವರು ವಿರಳ.

ಬೆಟ್ಟವು ಸಮುದ್ರಮಟ್ಟದಿಂದ 1226 ಮೀಟರು ಎತ್ತರವಿರುವುದು. ಇದರ ಕಲ್ಲಿಗೆ ಭೂಗರ್ಭಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟೆಂದು ಹೆಸರಿಟ್ಟಿರುವರು. ಕ್ಲೋಸ್‌ಪೇಟೆಯೆಂದರೆ ನಮ್ಮ ರಾಮನಗರದ ಹಿಂದಿನ ಹೆಸರಲ್ಲದೆ ಬೇರೆಯಲ್ಲ. ಈ ಶಿಲೆಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸೆಂದು ಎಣಿಸಲಾಗಿದೆ. ಒಂದು ಸೀಳು ಬೆಟ್ಟವನ್ನು ಎರಡು ಮಾಡಿರುವುದು. ಒಂದಕ್ಕೆ ಕರಿಗುಡ್ಡವೆಂದೂ ಮತ್ತೊಂದಕ್ಕೆ ಬಿಳಿಗುಡ್ಡವೆಂದೂ ಹೆಸರು. ಸುತ್ತಲೂ ಕುರುಚಲು ಕಾಡು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಅರ್ಕಾವತಿಯು ಈ ಕಾಡಿನ ಸಮೀಪದಲ್ಲಿಯೇ ಮಂಚನಬೆಲೆಯ ಜಲಾಶಯವನ್ನು ತುಂಬಿ, ರಾಮನಗರ ಕನಕಪುರಗಳ ಮೇಲೆ ಹರಿದು, ಸಂಗಮದಲ್ಲಿ ಕಾವೇರಿಯನ್ನು ಸೇರುವಳು.

ಹೆಸರಿನ ವಿಚಾರದಲ್ಲಿ ಬಗೆಬಗೆಯ ಮಾತುಗಳುಂಟು. ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ, ಕ್ರಿ. ಶ. 1340ರ ಮಾಡಬಾಳಿನ ಶಾಸನದಲ್ಲಿ ಇದು ‘ಸಾವಂದಿ’ಯೆಂದು ಕಾಣಬರುವುದು. ಸಾಮಂತರಾಯನೆಂಬ ಅಧಿಕಾರಿಯಿಂದ ಸಾಮಂತದುರ್ಗವಾಯಿತೆಂಬುದು ಮತ್ತೊಂದು ಮಾತು. ಅದಕ್ಕೆ ಶಾಸನದ ಬೆಂಬಲವಿಲ್ಲ. ‘ಸಾವಿನ ದುರ್ಗ’ವೆಂಬ ಅರ್ಥವನ್ನು ಇಲ್ಲಿಯ ಕಾಡಿನ ಜ್ವರಕ್ಕೆ ಹೆದರಿದವರು ಹಚ್ಚಿದರೆಂದು ನಮಗೆ ತೋರುವುದು.

1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿಯಲು, ಆಗಿನ ಕೆಂಪೇಗೌಡನು ತನ್ನ ಪೂರ್ವಿಕನು ಕಟ್ಟಿಸಿದ ಊರನ್ನು ಬಿಟ್ಟು ಮಾಗಡಿಯ ಸೀಮೆಗೆ ಬಂದನು. ಅಂದಿನಿಂದ ಸುಮಾರು ತೊಂಬತ್ತು ವರ್ಷ ಈ ದುರ್ಗವು ಆ ಮನೆತನದ ಬೆನ್ನೆಲುಬಾಯಿತು. ಕೆಳಗೆ ನೆಲಪಟ್ಟಣದಲ್ಲಿ ಅರಮನೆಯೂ ಇದ್ದಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಅದನ್ನು ವಶಪಡಿಸಿಕೊಂಡನು. ಕಡೆಯ ಕೆಂಪೇಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣುಮುಚ್ಚಿದನು. ಬೆಂಗಳೂರನ್ನು ಕಟ್ಟಿದ ವಂಶವು ಹೀಗೆ ಮುಗಿಯಿತು.

ಆದರೆ ದುರ್ಗದ ಹೆಸರು ಸಮುದ್ರ ದಾಟಿದ್ದು 1791ರಲ್ಲಿ. ಆ ವರ್ಷ ಲಾರ್ಡ್ ಕಾರ್ನ್‌ವಾಲಿಸನು ಬೆಂಗಳೂರನ್ನು ಗೆದ್ದರೂ, ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿ, ದವಸವೂ ಎತ್ತುಗಳೂ ಸಾಲದೆ ಹಿಂದಿರುಗಬೇಕಾಯಿತು. ಮತ್ತೆ ಹೊರಡುವ ಮುನ್ನ ಬೆನ್ನ ಹಿಂದಿನ ಬೆಟ್ಟದ ಕೋಟೆಗಳನ್ನು ಹಿಡಿಯದೆ ಅವನಿಗೆ ಗತ್ಯಂತರವಿರಲಿಲ್ಲ. ಇಂಗ್ಲಿಷರು ಸಾವನದುರ್ಗಕ್ಕೆ ಮುತ್ತಿಗೆ ಹಾಕಿದರೆಂಬ ಸುದ್ದಿಯನ್ನು ಕೇಳಿ ಟಿಪ್ಪು ಸುಲ್ತಾನನು ಸಂತೋಷಪಟ್ಟನಂತೆ. ಅವರಲ್ಲಿ ಅರ್ಧ ಜನ ಜ್ವರದಿಂದಲೂ ಉಳಿದರ್ಧ ಕೋಟೆಯನ್ನು ಹತ್ತುವಾಗಲೂ ಸಾಯುವರೆಂಬ ನಂಬಿಕೆ ಅಲ್ಲಿದ್ದಿತೆಂದು ಇಂಗ್ಲಿಷ್ ಇತಿಹಾಸಕಾರರು ಬರೆದಿರುವರು. ನಂಬಿಕೆಯು ನಿರಾಧಾರವಾಗಿರಲಿಲ್ಲ. ಸೈನ್ಯವು ಬಿದಿರುಮೆಳೆಗಳನ್ನು ಕಡಿದು ದಾರಿ ಮಾಡಿಕೊಂಡು ಫಿರಂಗಿಗಳನ್ನು ಎಳೆಯಬೇಕಾಯಿತು. ಆದಾಗ್ಯೂ ಡಿಸೆಂಬರು 17ರಂದು ಗುಂಡು ಹಾರಿಸಲಾರಂಭಿಸಿ, ಕೆಲವೇ ದಿನಗಳಲ್ಲಿ ಗೋಡೆಯನ್ನೊಡೆದು, 21ನೆಯ ತಾರೀಖಿನಂದು ಏರಿಹೋದರು. ಒಂದು ಗಂಟೆಯೊಳಗಾಗಿ ಎಲ್ಲವೂ ಮುಗಿದಿತ್ತು!

ಇದು ಹೇಗಾಯಿತು? ಬಂಡೆಯು ಕೈಬಿಡಲಿಲ್ಲ. ಒಂದು ಗುಡ್ಡದಿಂದ ಹಿಂಜರಿದ ಕಾವಲಿನವರು ಮತ್ತೊಂದಕ್ಕೆ ಓಡುವಾಗ, ಶತ್ರುಗಳು ಅವರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದುದರಿಂದ, ಬಾಗಿಲುಗಳನ್ನು ಮುಚ್ಚುವುದಕ್ಕೆ ವೇಳೆಯೇ ಸಿಗಲಿಲ್ಲ. ನೂರಕ್ಕೂ ಮಿಕ್ಕ ಜನ ಮಡಿದರು. ತಪ್ಪಿಸಿಕೊಳ್ಳಲು ಹೋದ ಹಲವರು ಕಡಿದಾದ ಬಂಡೆಯಿಂದ ಉರುಳಿ ಸತ್ತರು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಕಾರ್ನ್‌ವಾಲಿಸನ ಸೈನ್ಯದೊಡನಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬರೆದ ಬೆಟ್ಟದ ಚಿತ್ರಗಳು ಮಾತ್ರ 1794ರಲ್ಲಿ ಅಚ್ಚಾದುವು.

ಈಗ ತಪ್ಪಲಿನಲ್ಲಿ ಕೋಟೆಗಿಂತ ದೇವರೇ ಹೆಚ್ಚು. ಸಾವಂದಿ ವೀರಭದ್ರಸ್ವಾಮಿಯ ಗುಡಿಯೂ ನರಸಿಂಹಸ್ವಾಮಿಯ ಗುಡಿಯೂ ಇಲ್ಲಿವೆ. ಸೈಯದ್ ಗುಲಾಂ ಖಾದ್ರಿಯವರ ಗೋರಿಗೂ ಜನರು ಬರುವರು. ಶಾಸನದ ‘ಸಾವಂದಿ’ಯೆಂಬ ಹಳೆಯ ಹೆಸರು ವೀರಭದ್ರನ ಹೆಸರಿನೊಡನೆಯೇ ಉಳಿದುಬಂದಿರುವುದನ್ನು ಗಮನಿಸಬೇಕು. ದುರ್ಗವನ್ನು ಆಳಿದವರು ನಾಲ್ಕು ಬಾರಿ ಬದಲಾದರೂ, ಭಕ್ತರ ಬಾಯಿಂದ ಆ ಮಾತು ಅಳಿಯಲಿಲ್ಲ.

ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಬರುವವರು ಬಹಳ. ಮಕ್ಕಳೊಡನೆ ಹೋಗುವ ಗೃಹಿಣಿಯರಿಗೆ ಒಂದು ಮಾತು: ಕರಿಗುಡ್ಡದ ಕಡೆಯು ಕಡಿದಾದುದು, ಮಳೆ ಬಿದ್ದ ಮೇಲೆ ಕಲ್ಲಿನ ಮೇಲಿನ ಪಾಚಿಯು ಕಾಲನ್ನು ಹಿಡಿಯಗೊಡದು. ಜಾರಿ ಪ್ರಾಣ ಕಳೆದುಕೊಂಡವರುಂಟು. ದಾರಿ ತಪ್ಪಿದವರನ್ನು ಹುಡುಕಲು ಮೊದಲು ಹೊರಡಬೇಕಾದವರು ಈ ತಪ್ಪಲಿನವರೇ. ಬಿಸಿಲೇರುವ ಮುನ್ನ ಹತ್ತಿ, ಕುಡಿಯುವ ನೀರನ್ನು ಜೊತೆಗೊಯ್ದು, ಬುತ್ತಿ ಕಟ್ಟಿದ ಕಾಗದವನ್ನು ಮರಳಿ ಚೀಲದಲ್ಲಿಟ್ಟುಕೊಂಡು, ಹೊತ್ತು ಮುಳುಗುವ ಮುನ್ನ ಇಳಿದುಬಿಡಬೇಕು. ಕಾಡಿನಲ್ಲಿ ಚಿರತೆ ಕರಡಿಗಳಿವೆ. ಇಳಿದ ಮೇಲೆ ನರಸಿಂಹನ ಗುಡಿಯ ಮುಂದೆ ಕುಳಿತು ಒಮ್ಮೆ ಬೆಟ್ಟವನ್ನು ನೋಡಿದರೆ, ಎರಡು ಗುಡ್ಡಗಳ ನಡುವಣ ಆ ಸೀಳು ಕಾಣುವುದು. ಕಾವಲಿನವರು ಓಡಿದ್ದು ಅದನ್ನು ದಾಟಿಯೇ.