ಹೊಸ ವರ್ಷದ ಸಂಕಲ್ಪ, ಬದಲಾದ ಪೂಜೆ ಮತ್ತು ಅಮ್ಮನ ಭಾನುವಾರ

ವಿಡಿಯೊ ನೋಡೋಕೆ ಟೈಮ್ ಸಿಗದವರಿಗಾಗಿ, ಅದರಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪಮಾಡಿ ಇಲ್ಲಿ ಬರೆದಿದ್ದೇನೆ. ಈ ಸಲ ವಿಷಯ ಚರ್ಚಿನದು. ನೀವು ಕ್ರೈಸ್ತರಲ್ಲದಿದ್ದರೂ ಪರವಾಗಿಲ್ಲ. ಊರಿಂದ ಅಪ್ಪ ಅಮ್ಮನನ್ನು ಕರ್ಕೊಂಡು ಬಂದು ಬೇರೆ ಭಾಷೆಯ ಊರಲ್ಲಿ ಇಟ್ಟುಕೊಂಡವರಿಗೆಲ್ಲ ಇದು ಪರಿಚಯದ ಕಥೆಯೇ.

ಅಪ್ಪ ತೀರಿಕೊಂಡ ಮೇಲೆ, ಹೋದ ಜೂನ್‌ನಲ್ಲಿ, ಅಮ್ಮ ಮೈಸೂರಿನ ಮನೆಗೆ ಬೀಗ ಹಾಕಿ ಪುಣೆಗೆ ನಮ್ಮ ಜೊತೆ ಇರೋಕೆ ಬಂದರು. ನಮ್ಮ ಮನೆ ಇರೋದು ನಗರ್ ರೋಡ್ ಕಡೆ. ಮೊದಲ ಭಾನುವಾರ ಇಂಗ್ಲಿಷ್ ಪೂಜೆಗೆ ಕರ್ಕೊಂಡು ಹೋದೆ. ಊರಲ್ಲಿ ಮೊದಲ ಸಾಲಲ್ಲಿ ಕೂತು ಪ್ರತಿ ಪ್ರಾರ್ಥನೆಗೂ ಗಟ್ಟಿಯಾಗಿ ಉತ್ತರ ಕೊಡ್ತಿದ್ದ ಅಮ್ಮ, ಇಲ್ಲಿ ಹಿಂದಿನ ಬೆಂಚಲ್ಲಿ ತುಟಿ ಬಿಚ್ಚದೆ ನಿಂತಿದ್ದರು. ವಾಪಸ್ ಬರ್ತಾ ಕಾರಲ್ಲಿ ಹೇಳಿದ್ದು ಇಷ್ಟೇ: "ನೆಂಟರ ಮನೆಗೆ ಹೋದ ಹಾಗಿತ್ತು ಕಣೋ."

ಆಮೇಲೆ ಮೊಬೈಲಲ್ಲಿ ಕನ್ನಡ ಪೂಜೆ ಹಾಕಿಕೊಟ್ಟೆ. ನನಗೂ ಅದೇ ಆರಾಮ ಆಯ್ತು ಅಂತ ಒಪ್ಪಿಕೊಳ್ಳಬೇಕು. ಶನಿವಾರ ರಾತ್ರಿ ರಿಲೀಸ್ ಇದ್ದರೆ ಭಾನುವಾರ ಹತ್ತು ಗಂಟೆವರೆಗೆ ನಿದ್ದೆ. ಅಮ್ಮ ಮಾತ್ರ ಹಾಲ್‌ನಲ್ಲಿ ಒಬ್ಬರೇ, ಆರಿಂಚಿನ ಪರದೆಯ ಮುಂದೆ ಕೈಮುಗಿದು ನಿಂತಿರ್ತಿದ್ದರು.

ಅಜ್ಜಿ ಕಾಲದಲ್ಲಿ ಹೇಗಿತ್ತು

ಇದೇ ಸಮಯದಲ್ಲಿ, ಪೂಜೆ ಯಾವಾಗ ಹೇಗೆ ಬದಲಾಯ್ತು ಅಂತ ಓದೋಕೆ ಶುರುಮಾಡಿದೆ. ನನ್ನ ಅಜ್ಜಿ ಚಿಕ್ಕವರಿದ್ದಾಗ ಬಲಿಪೂಜೆ ಲ್ಯಾಟಿನ್‌ನಲ್ಲಿ ನಡೀತಿತ್ತು. ಸ್ವಾಮಿಯವರು ಜನರ ಹಾಗೆಯೇ ಪೀಠದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಉತ್ತರ ಕೊಡ್ತಿದ್ದವರು ಬಹುತೇಕ ಪೀಠಬಾಲಕರು. ಅಜ್ಜಿಯಂಥವರು ಬೆಂಚಲ್ಲಿ ಕೂತು ಜಪಸರ ಮಾಡ್ತಿದ್ದರು. ಅಜ್ಜಿ "ಪೂಜೆ ನೋಡೋಕೆ ಹೋಗ್ತಿದ್ವಿ" ಅಂತಲೇ ಹೇಳ್ತಿದ್ದರು.

ರೋಮ್‌ನಲ್ಲಿ 1962ರಿಂದ 1965ರವರೆಗೆ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ಆರಾಧನೆಯ ಸುಧಾರಣೆ ಕುರಿತ ದಾಖಲೆ 1963ರ ಡಿಸೆಂಬರ್ 4ರಂದು ಪಾಸಾಯಿತು: ಪರವಾಗಿ 2147 ಮತ, ವಿರುದ್ಧ ಬರೀ 4. ಲ್ಯಾಟಿನ್ ಉಳಿಯಲಿ, ಜನರ ಭಾಷೆಗೂ ಜಾಗ ಸಿಗಲಿ, ಎಲ್ಲಕ್ಕಿಂತ ಮುಖ್ಯವಾಗಿ ಜನ ಮೂಕ ಪ್ರೇಕ್ಷಕರಾಗಿ ಕೂರದೆ ಪೂಜೆಯಲ್ಲಿ ಪಾಲ್ಗೊಳ್ಳಲಿ ಎಂಬುದು ಅದರ ಆಶಯ. ಪೋಪ್ ಆರನೇ ಪೌಲ್ ಅನುಮೋದಿಸಿದ ಹೊಸ ಪೂಜಾ ಪುಸ್ತಕ 1969ರ ನವೆಂಬರ್ 30ರಿಂದ ಜಾರಿಗೆ ಬಂತು. ಜನವರಿ 1ರ ಹಬ್ಬ ಕೂಡ ಆಗಲೇ ಬದಲಾದದ್ದು. ಮೊದಲು ಅದು ಯೇಸುವಿನ ಸುನ್ನತಿಯ ಸ್ಮರಣೆ, ಹೊಸ ಪಂಚಾಂಗದಲ್ಲಿ ಮರಿಯಮ್ಮ ದೇವಮಾತೆಯ ಹಬ್ಬ.

ನಮ್ಮ ದೇಶದ ಮಟ್ಟಿಗೂ 1969 ದೊಡ್ಡ ವರ್ಷ. ಭಾರತೀಯ ರೀತಿಯ 12 ಅಂಶಗಳಿಗೆ ಆ ಏಪ್ರಿಲ್‌ನಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು: ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಮೊಂಬತ್ತಿ ಬದಲು ಎಣ್ಣೆ ದೀಪ, ಆರತಿ, ಶಾಂತಿಯ ಗುರುತಾಗಿ ಕೈಮುಗಿಯುವುದು ಇತ್ಯಾದಿ. ಬೆಂಗಳೂರಿನಲ್ಲಿರುವ ಎನ್‌ಬಿಸಿಎಲ್‌ಸಿ ಕೇಂದ್ರ ಮತ್ತು ಅದನ್ನು ಕಟ್ಟಿದ ಫಾದರ್ ಅಮಲೋರ್‌ಪವದಾಸ್ ಈ ಪ್ರಯತ್ನದ ಮುಂಚೂಣಿಯಲ್ಲಿದ್ದರು. ಕೋವಿಡ್ ಬಂದಾಗ ಎಷ್ಟೋ ದೇಶಗಳಲ್ಲಿ ಕೈಕುಲುಕೋದು ಬಿಡಬೇಕಾಯ್ತು. ನಾವು ಮೊದಲಿಂದಲೂ ನಮಸ್ಕಾರ ಮಾಡ್ತಿದ್ದವರೇ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಹಳೆಯ ಲ್ಯಾಟಿನ್ ಪೂಜೆಯ ಮೌನ, ಅದರ ಸಂಗೀತ ಬೇಕು ಅನ್ನೋರು ಇವತ್ತಿಗೂ ಇದ್ದಾರೆ. ಪೋಪ್ ಬೆನೆಡಿಕ್ಟ್ 2007ರಲ್ಲಿ ಅದಕ್ಕೆ ಹೆಚ್ಚು ಅವಕಾಶ ಕೊಟ್ಟರು, 2021ರಲ್ಲಿ ಪೋಪ್ ಫ್ರಾನ್ಸಿಸ್ ಬಿಗಿ ಮಾಡಿದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ರಿಲೀಸ್, ರೋಲ್‌ಬ್ಯಾಕ್, ಮತ್ತೆ ರಿಲೀಸ್. ಬಾಯಿಪಾಠ ಆದ ಪ್ರಾರ್ಥನೆ ಬದಲಾದಾಗ ಆಗೋ ಕಸಿವಿಸಿ ನನಗೂ ಗೊತ್ತು. 2011ರ ಕೊನೆಯಲ್ಲಿ ಇಂಗ್ಲಿಷ್ ಪೂಜೆಯ ಉತ್ತರಗಳನ್ನು ಲ್ಯಾಟಿನ್ ಮೂಲಕ್ಕೆ ಹತ್ತಿರವಾಗುವಂತೆ ತಿದ್ದಿದರು. 'ಆತ್ಮ' ಅನ್ನುವ ಒಂದು ಪದ ಸೇರಿದ ಸಾಲು ನನ್ನ ಬಾಯಿಗೆ ಹತ್ತೋಕೆ ವರ್ಷಗಳೇ ಬೇಕಾದವು. ಇಡೀ ಚರ್ಚಿನ ಜೊತೆ ವಾರ ವಾರ ಹೇಳಿದ್ದರಿಂದ ಅಷ್ಟಾದರೂ ಬಂತು.

ಮೂರು ವರ್ಷದ ಸರದಿ

ಇಷ್ಟೆಲ್ಲ ಬದಲಾವಣೆಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು, ನಾನು ಅಷ್ಟಾಗಿ ಗಮನಿಸದೇ ಇದ್ದ ಒಂದು ವಿಷಯ. ಹಳೆಯ ಪದ್ಧತಿಯಲ್ಲಿ ಭಾನುವಾರದ ವಾಚನಗಳು ಒಂದೇ ವರ್ಷದ ಸರದಿ. ಹೊಸದರಲ್ಲಿ ಎ, ಬಿ, ಸಿ ಅಂತ ಮೂರು ವರ್ಷ. ಎ ವರ್ಷಕ್ಕೆ ಮತ್ತಾಯ, ಬಿ ಗೆ ಮಾರ್ಕ, ಸಿ ಗೆ ಲೂಕ. ಯೊವಾನ್ನರ ಶುಭಸಂದೇಶ ಮೂರೂ ವರ್ಷಗಳಲ್ಲಿ ನಡುನಡುವೆ ಬರುತ್ತೆ. ಪ್ರತಿ ಭಾನುವಾರ ಮೂರು ವಾಚನ, ಒಂದು ಕೀರ್ತನೆ. ಚರ್ಚಿನ ಹೊಸ ವರ್ಷ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತೆ. ಹಾಗಾಗಿ 2025ರ ನವೆಂಬರ್ 30ಕ್ಕೇ ಎ ವರ್ಷ ಶುರುವಾಯಿತು.

ಲ್ಯಾಟಿನ್ ವಿಧಿಯ ಚರ್ಚುಗಳಲ್ಲೆಲ್ಲ ಇದೇ ಸರದಿ. ಕೇರಳದ ಸಿರೋ ಮಲಬಾರ್ ಸಭೆಯ ಪಂಚಾಂಗ ಬೇರೆ, ಕೆಲವು ಹಬ್ಬಗಳ ದಿನ ದೇಶದಿಂದ ದೇಶಕ್ಕೆ ಬದಲಾಗುತ್ತೆ, ಅಷ್ಟು ಬಿಟ್ಟರೆ ಮೈಸೂರಲ್ಲಿ ಈ ಭಾನುವಾರ ಕನ್ನಡದಲ್ಲಿ ಓದುವ ಭಾಗವನ್ನೇ ಪುಣೆಯಲ್ಲಿ ಮರಾಠಿಯಲ್ಲಿ ಓದುತ್ತಾರೆ. ಭಾಷೆ ಬೇರೆ, ಪುಟ ಅದೇ.

ಈ ವರ್ಷದ ಸಂಕಲ್ಪ

ಹೋದ ಜನವರಿಯಲ್ಲಿ ನಾನು ಮಾಡಿದ್ದ ಸಂಕಲ್ಪ: ದಿನಾ ಐದಕ್ಕೆ ಏಳೋದು, ಒಂದು ಗಂಟೆ ಪ್ರಾರ್ಥನೆ, ಬೈಬಲ್ ಪೂರ್ತಿ ಓದೋದು. ಫೆಬ್ರವರಿ ಮೂರನೇ ವಾರಕ್ಕೆ ಮುಗೀತು. ಈ ಸಲದ್ದು ಚಿಕ್ಕದು. ಶನಿವಾರ ಸಂಜೆ ಏಳು ಗಂಟೆಗೆ, ಅಮ್ಮನ ಜೊತೆ ಅಡುಗೆಮನೆ ಟೇಬಲ್ ಹತ್ತಿರ ಕೂತು, ಅಮ್ಮನ ಕನ್ನಡ ಬೈಬಲಲ್ಲಿ ಮರುದಿನದ ವಾಚನ ಓದೋದು. ಹದಿನೈದು ನಿಮಿಷ. ಲ್ಯಾಪ್‌ಟಾಪ್ ಬೇರೆ ರೂಮಲ್ಲಿ. ಭಾನುವಾರ ಇಬ್ಬರೂ ಮರಾಠಿ ಪೂಜೆಗೆ ಹೋಗೋದು. ಮರಾಠಿ ಯಾಕೆ ಅಂದ್ರೆ ಅಮ್ಮನಿಗೆ ಇಂಗ್ಲಿಷ್‌ಗಿಂತ ಅದು ಹತ್ತಿರ. ತರಕಾರಿ ಅಂಗಡಿಯಲ್ಲಿ ಆಗಲೇ ಅರ್ಧಂಬರ್ಧ ಮಾತಾಡ್ತಾರೆ.

ಒಬ್ಬನೇ ಮಾಡಿದ ಸಂಕಲ್ಪ ಮುರಿದರೆ ಕೇಳೋರಿಲ್ಲ. ಇಲ್ಲಿ ಏಳು ಗಂಟೆಗೆ ಅಮ್ಮ ಕನ್ನಡಕ ಹಾಕ್ಕೊಂಡು ಕಾಯ್ತಾ ಕೂತಿರ್ತಾರೆ. ತಪ್ಪಿಸಿಕೊಳ್ಳೋಕಾಗಲ್ಲ.

ಜನವರಿ 3ರ ಶನಿವಾರ ಶುರುಮಾಡಿದೆವು. ಮರುದಿನ ಮೂವರು ಜ್ಞಾನಿಗಳು ಬಾಲಯೇಸುವನ್ನು ಕಾಣಲು ಬಂದ ಹಬ್ಬ. ಮೊದಲ ವಾಚನ ಯೆಶಾಯನ 60ನೇ ಅಧ್ಯಾಯ, ಅದರಲ್ಲಿ ಒಂಟೆಗಳ ಹಿಂಡು ಬರುತ್ತೆ. ಭಾನುವಾರ ಚರ್ಚಲ್ಲಿ ಮರಾಠಿ ವಾಚನ ನಡೀತಿತ್ತು. ಅಮ್ಮ ಕಣ್ಣುಮುಚ್ಚಿ ಕೇಳ್ತಿದ್ದರು. 'ಉಂಟ್' ಅನ್ನೋ ಪದ ಬಂದ ತಕ್ಷಣ ನನ್ನ ಮೊಣಕೈ ತಿವಿದು ಪಿಸುಗುಟ್ಟಿದರು: "ಒಂಟೆ ಬಂತು ನೋಡೋ!"

ಆಮೇಲೆ ಪ್ರಾರ್ಥನೆಗಳಿಗೆ ಎಲ್ಲರೂ ಮರಾಠಿಯಲ್ಲಿ ಉತ್ತರ ಕೊಡುವಾಗ, ಅಮ್ಮ ತಮ್ಮ ಪಾಡಿಗೆ ಕನ್ನಡದಲ್ಲಿ ಹೇಳ್ತಿದ್ದರು. ಸಣ್ಣ ದನಿ. ಆದರೂ ಪಕ್ಕದಲ್ಲಿದ್ದ ನನಗೆ ಕೇಳಿಸ್ತಿತ್ತು.

ನಾಳೆ ಮತ್ತೆ ಶನಿವಾರ. ಆಫೀಸಲ್ಲಿ ರಿಲೀಸ್ ಇದೆ. ಏಳರಿಂದ ಏಳೂಕಾಲರವರೆಗೆ ಸಿಗಲ್ಲ ಅಂತ ಟೀಮ್‌ಗೆ ಹೇಳಿ ಕ್ಯಾಲೆಂಡರ್ ಬ್ಲಾಕ್ ಮಾಡಿದ್ದೇನೆ. ನಿಮ್ಮ ಮನೆಯಲ್ಲೂ ಮಾತು ಕಡಿಮೆ ಮಾಡಿರೋ ಹಿರಿಯರಿದ್ದರೆ, ಅವರ ಭಾಷೆಗೆ ಅಂತ ವಾರಕ್ಕೊಂದು ಹದಿನೈದು ನಿಮಿಷ ಎತ್ತಿಡಿ. ಫೆಬ್ರವರಿ ಮೂರನೇ ವಾರ ನಂದು ಏನಾಯ್ತು ಅಂತ ನಾನೇ ಬಂದು ಹೇಳ್ತೀನಿ.